ಕೈಗೆಟಕುವ ಗೆಲ್ಲು

(ಮಂಗಳೂರಿನಲ್ಲಿ ಅಡ್ವೆಂಟಿನ, ಅಂದರೆ ಕ್ರಿಸ್ಮಸ್ಸಿಗಾಗಿ ಕಾಯುವ ವಾರಗಳ, ಮೊದಲ ಭಾನುವಾರದ ಸಂಜೆ, ಸಂಡೇಸ್ಕೂಲಿನ ಚಿಕ್ಕ ಮಕ್ಕಳ ತಾಯ್ತಂದೆಯರ ಕೂಟದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಆತ್ಮೀಯರೇ,

ಹೋದ ತಿಂಗಳು ಆರಾಧನೆ ಮುಗಿಸಿ ಮೆಟ್ಟಿಲಿಳಿಯುತ್ತಿದ್ದಾಗ ತಾಯಿಯೊಬ್ಬರು ನನ್ನನ್ನು ನಿಲ್ಲಿಸಿ ಒಂದು ಮಾತು ಕೇಳಿದರು. ಅವರ ಮನೆಯಲ್ಲಿ ಮೂರು ವರ್ಷದ ಮಗಳು, ಒಂದೂವರೆ ವರ್ಷದ ಮಗ. "ಟೀಚರ್, ಹೋದ ಸಲ ಕ್ರಿಸ್ಮಸ್ ಟ್ರೀ ಇಟ್ಟದ್ದೇ ತಡ, ಇವಳು ಒಂದೊಂದನ್ನೇ ಕಿತ್ತು ತೆಗೆದಳು. ಮುಟ್ಟಬೇಡ, ಮುಟ್ಟಬೇಡ ಎಂದು ಹೇಳುವುದರಲ್ಲೇ ನನ್ನ ಹಬ್ಬ ಮುಗಿದುಹೋಯಿತು. ಈ ಸಲ ಚಿಕ್ಕವನೂ ನಡೆಯುತ್ತಾನೆ. ಇನ್ನೆರಡು ವರ್ಷ ಟ್ರೀ ಇಡದಿದ್ದರೆ ಆಗುವುದಿಲ್ಲವಾ?" ಅವರ ಮುಖದಲ್ಲಿ ದಣಿವಿತ್ತು. ಅಂದು ನಾನು, "ದಯವಿಟ್ಟು ಇಡಿ, ಹೇಗೆ ಎಂಬುದನ್ನು ಆಮೇಲೆ ಹೇಳುತ್ತೇನೆ" ಎಂದಷ್ಟೇ ಹೇಳಿ ಕಳುಹಿಸಿದೆ. ಇಂದಿನ ಮಾತೆಲ್ಲ ಅವರಿಗೆ ಕೊಡಬೇಕಾಗಿದ್ದ ಪೂರ್ತಿ ಉತ್ತರ.

ನಾನು ಹೇಳಬೇಕೆಂದಿರುವುದು ಒಂದೇ ಸಂಗತಿ. ಕ್ರಿಸ್ಮಸ್ ಮರ ನಮ್ಮ ಕೈಗೆ ಬಂದಿರುವ ರೂಪದಲ್ಲಿ ಅದು ನೋಡುವ ವಸ್ತು; ಆದರೆ ಅದು ಮನೆಯೊಳಗೆ ಮೊದಲು ಕಾಲಿಟ್ಟಾಗ ಮುಟ್ಟುವ, ಕೀಳುವ, ತಿನ್ನುವ ವಸ್ತುವಾಗಿತ್ತು. ಮೂರು ವರ್ಷದ ಮಗು ಮರದಿಂದ ಒಂದೊಂದನ್ನೇ ಕಿತ್ತು ತೆಗೆಯುವಾಗ ಅದು ಪದ್ಧತಿಯನ್ನು ಕೆಡಿಸುತ್ತಿಲ್ಲ, ನಾವು ಮರೆತ ಹಳೆಯ ಪದ್ಧತಿಯನ್ನೇ ತನಗೆ ತಿಳಿಯದಂತೆ ನಡೆಸುತ್ತಿದೆ.

ಹಳೆಯ ದಾಖಲೆಗಳಿಂದಲೇ ಆರಂಭಿಸುತ್ತೇನೆ. ರೈನ್ ನದಿಯ ದಡದ ಆಲ್ಸೇಸ್ ಸೀಮೆ ಇಂದು ಫ್ರಾನ್ಸಿಗೆ ಸೇರಿದೆ. ಅಂದು ಅದು ಜರ್ಮನ್ ಮಾತಿನ ನಾಡು. ಅಲ್ಲಿಯ ಸೆಲೆಸ್ಟಾ ಎಂಬ ಪಟ್ಟಣದ 1521ರ ಲೆಕ್ಕಪುಸ್ತಕದಲ್ಲಿ ಹಬ್ಬದ ಸಮಯಕ್ಕೆ ಕಾಡಿನ ಮರಗಳನ್ನು ಕಾದ ಕಾವಲುಗಾರರಿಗೆ ಕೂಲಿ ಕೊಟ್ಟ ನಮೂದಿದೆ. ಜನ ಮರ ಕಡಿದು ಮನೆಗೆ ಒಯ್ಯುತ್ತಿದ್ದರೆಂದು ಇದರಿಂದ ತಿಳಿಯುತ್ತದೆಯೇ ಹೊರತು ಅದನ್ನು ಹೇಗೆ ಸಿಂಗರಿಸುತ್ತಿದ್ದರೆಂದು ತಿಳಿಯುವುದಿಲ್ಲ. ಅದು ತಿಳಿಯುವುದು ಅದೇ ಸೀಮೆಯ ಸ್ಟ್ರಾಸ್‌ಬರ್ಗ್ ನಗರದ ಬಗ್ಗೆ 1605ರಲ್ಲಿ ಪ್ರವಾಸಿಯೊಬ್ಬ ಬರೆದಿಟ್ಟ ಕೆಲವೇ ಸಾಲುಗಳಿಂದ. ಅಲ್ಲಿಯ ಜನ ಕ್ರಿಸ್ಮಸ್ಸಿಗೆ ಫರ್ ಮರವನ್ನು ಮನೆಯ ಕೋಣೆಯಲ್ಲಿ ನಿಲ್ಲಿಸಿ, ಅದಕ್ಕೆ ಬಣ್ಣಬಣ್ಣದ ಕಾಗದದಲ್ಲಿ ಕತ್ತರಿಸಿದ ಗುಲಾಬಿಗಳು, ಸೇಬು, ತೆಳುವಾದ ಬಿಲ್ಲೆರೊಟ್ಟಿ, ಚಿನ್ನದ ತಗಡು ಮತ್ತು ಸಕ್ಕರೆಯ ತಿನಿಸುಗಳನ್ನು ತೂಗುಹಾಕುತ್ತಾರೆ ಎಂದು ಅವನು ಬರೆದಿದ್ದಾನೆ.

ಈ ಪಟ್ಟಿಯನ್ನು ಒಬ್ಬ ತಾಯಿಯ ಕಣ್ಣಿನಿಂದ ಇನ್ನೊಮ್ಮೆ ಓದಿ. ಇದರಲ್ಲಿ ಒಡೆಯುವಂಥದು ಒಂದೂ ಇಲ್ಲ, ಬಿದ್ದರೆ ಕಾಲಿಗೆ ಚುಚ್ಚುವಂಥದೂ ಇಲ್ಲ. ಅರ್ಧಕ್ಕಿಂತ ಹೆಚ್ಚಿನದು ಬಾಯಿಗೆ ಹಾಕಿಕೊಳ್ಳುವುದಕ್ಕೇ ಇರುವುದು. ಸೇಬು ಅಲ್ಲಿಗೆ ಬಂದದ್ದಕ್ಕೆ ಕಾರಣವೂ ಇದೆ. ಡಿಸೆಂಬರ್ 24 ಆ ನಾಡಿನ ಪಂಚಾಂಗದಲ್ಲಿ ಆದಾಮ ಹವ್ವರ ದಿನ. ಅಂದು ಆಡುತ್ತಿದ್ದ ಏದೆನ್ ತೋಟದ ನಾಟಕಕ್ಕೆ ಹಣ್ಣಿರುವ ಒಂದು ಹಸಿರು ಮರ ಬೇಕಾಗುತ್ತಿತ್ತು, ಚಳಿಗಾಲದಲ್ಲೂ ಹಸಿರಾಗಿರುವ ಫರ್ ಮರಕ್ಕೆ ಸೇಬು ಕಟ್ಟಿ ನಿಲ್ಲಿಸುತ್ತಿದ್ದರು. ಏದೆನಿನ ಆ ಮರದ ಹಣ್ಣನ್ನು ಕೀಳಬಾರದೆಂಬ ದೇವರ ಆಜ್ಞೆಯಿತ್ತು. ಮನೆಯ ಮರಕ್ಕೆ ಬಂದಾಗ ಅದೇ ಹಣ್ಣನ್ನು ಮಕ್ಕಳಿಗೆ ಕಿತ್ತು ಕೊಟ್ಟರು. ಈ ಬದಲಾವಣೆಯಲ್ಲಿ ನನಗೆ ಸುವಾರ್ತೆಯೇ ಕಾಣುತ್ತದೆ.

ಈ ಕೀಳುವ ಪದ್ಧತಿ ಮುಂದೆ ದೊಡ್ಡ ಮನೆಗಳಿಗೂ ಹೋಯಿತು. ಜರ್ಮನಿಯಿಂದ ಇಂಗ್ಲೆಂಡಿಗೆ ಮದುವೆಯಾಗಿ ಹೋದ ರಾಣಿ ಶಾರ್ಲಟ್ 1800ರ ಡಿಸೆಂಬರಿನಲ್ಲಿ ವಿಂಡ್ಸರ್‌ನಲ್ಲಿ ಸುತ್ತಲಿನ ಮನೆಗಳ ಮಕ್ಕಳನ್ನು ಕರೆದು ಯೂ ಎಂಬ ಒಂದು ನಿತ್ಯಹಸಿರು ಮರವನ್ನು ತೊಟ್ಟಿಯಲ್ಲಿ ನಿಲ್ಲಿಸಿದಳು. ಅದರ ಗೆಲ್ಲುಗಳಲ್ಲಿ, ಅಂದರೆ ಕೊಂಬೆಗಳಲ್ಲಿ, ಕಾಗದದ ಪೊಟ್ಟಣಗಳಲ್ಲಿ ಕಟ್ಟಿದ ಬಾದಾಮಿ, ಒಣದ್ರಾಕ್ಷಿ, ಮಿಠಾಯಿ, ಹಣ್ಣು, ಆಟಿಕೆ ಇದ್ದವು, ನಡುನಡುವೆ ಸಣ್ಣ ಮೇಣದ ಬತ್ತಿಗಳಿದ್ದವು. ಮಕ್ಕಳು ಸುತ್ತುಬಂದು ನೋಡಿ ಆದಮೇಲೆ ಪ್ರತಿಯೊಬ್ಬರಿಗೂ ಆ ಮರದಲ್ಲಿದ್ದುದರ ಒಂದು ಪಾಲು ಸಿಕ್ಕಿತು. ಎಲ್ಲರಿಗೂ ಗೊತ್ತಿರುವ ಚಿತ್ರ 1848ರದು: ರಾಣಿ ವಿಕ್ಟೋರಿಯಾ, ಅವಳ ಗಂಡ ಆಲ್ಬರ್ಟ್ ಮತ್ತು ಅವರ ಮಕ್ಕಳು ಮೇಜಿನ ಮೇಲಿಟ್ಟ ಮರದ ಸುತ್ತ ನಿಂತಿರುವುದನ್ನು ಲಂಡನ್ನಿನ ಸಚಿತ್ರ ವಾರಪತ್ರಿಕೆಯೊಂದು ಅಚ್ಚು ಹಾಕಿತು, ಅದನ್ನು ನೋಡಿಯೇ ಇಂಗ್ಲಿಷ್ ಮನೆಗಳಲ್ಲಿ ಮರದ ಪದ್ಧತಿ ಬೇರೂರಿತು. ಆ ಚಿತ್ರದ ಮರದಲ್ಲಿ ತೂಗುತ್ತಿರುವುದೂ ಬಹುಪಾಲು ತಿನಿಸೇ.

ಇದೆಲ್ಲಕ್ಕಿಂತ ನನ್ನ ಮನಸ್ಸಿಗೆ ಹತ್ತಿರವಾದದ್ದು ಸ್ವೀಡನ್ನಿನ ಪದ್ಧತಿ. ಅಲ್ಲಿ ಕ್ರಿಸ್ಮಸ್ ಮುಗಿಯುವುದು ಜನವರಿ 13ರಂದು, ಸಂತ ಕ್ನೂಟನ ದಿನ. ಅಂದು ಮರದ ಸೂರೆ ಎಂಬ ಹೆಸರಿನಲ್ಲಿ ಮಕ್ಕಳ ಒಂದು ಹಬ್ಬವೇ ನಡೆಯುತ್ತದೆ. ನೆರೆಮನೆಯ ಮಕ್ಕಳು ಬಂದು ಮರದ ಸುತ್ತ ಕೈಹಿಡಿದು ಕುಣಿದು ಹಾಡಿ, ಉಳಿದ ಮಿಠಾಯಿ ಬಿಸ್ಕತ್ತುಗಳನ್ನು ಸೂರೆ ಮಾಡಿ ತಿಂದು, ಬರಿದಾದ ಮರವನ್ನು ಹೊರಗೆ ಸಾಗಿಸುತ್ತಾರೆ. ನಮ್ಮ ಮನೆಗಳಲ್ಲಿ ಮರ ಕಟ್ಟುವುದಷ್ಟೇ ಸಂಭ್ರಮ. ಬಿಚ್ಚುವುದು ಅಮ್ಮನೊಬ್ಬಳ ಪಾಲಿಗೆ ಬಂದ ಚಾಕರಿ. ಮಕ್ಕಳು ಶಾಲೆಗೆ ಹೋದ ಹೊತ್ತಿನಲ್ಲಿ ಮರ ಮಾಯವಾಗಿರುತ್ತದೆ. ಚಿಕ್ಕ ಮಗುವಿಗೆ ಅದರಿಂದ ಎಷ್ಟು ಗಲಿಬಿಲಿಯಾಗುತ್ತದೆಂದು ನಾನು ಶಿಶುವಿಹಾರದಲ್ಲಿ ಪ್ರತಿ ಜನವರಿ ಕಂಡಿದ್ದೇನೆ. "ನಮ್ಮ ಟ್ರೀ ಹೋಯಿತು" ಎಂದು ಮೂರು ವರ್ಷದವರು ಬಂದು ಹೇಳುವಾಗ ಅವರ ದನಿಯಲ್ಲಿ ಏನನ್ನೋ ಕಳೆದುಕೊಂಡ ಸಂಕಟವಿರುತ್ತದೆ.

ಹಾಗಾದರೆ ಮುಟ್ಟಬೇಡ ಎಂಬ ಮಾತು ಎಲ್ಲಿಂದ ಬಂತು? ಅದರ ದಾರಿ ಹಿಡಿದು ಹೋದರೆ ಜರ್ಮನಿಯ ತುರಿಂಗಿಯಾ ಬೆಟ್ಟಸೀಮೆಯ ಲೌಶಾ ಎಂಬ ಊರಿಗೆ ತಲುಪುತ್ತೇವೆ. 1597ರಿಂದ ಗಾಜು ಊದುವುದೇ ಆ ಊರಿನ ಕಸುಬು. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಅಲ್ಲಿಯ ಕುಶಲಿಗಳು ಕ್ರಿಸ್ಮಸ್ ಮರಕ್ಕೆಂದೇ ಗಾಜಿನ ಹಣ್ಣು, ಗಾಜಿನ ಕಾಯಿ, ಗಾಜಿನ ಗುಂಡುಗಳನ್ನು ಊದತೊಡಗಿದರು. ತಿನ್ನುವ ಸೇಬು ಅಲ್ಲಿ ಗಾಜಿನ ಸೇಬಾಯಿತು. ಕೆಲಸ ನಡೆಯುತ್ತಿದ್ದುದು ಮನೆಗಳಲ್ಲಿಯೇ: ಗಂಡಸು ಉರಿಯ ಮುಂದೆ ಕುಳಿತು ಊದುವನು, ಹೆಂಗಸು ಅದರೊಳಗೆ ಬೆಳ್ಳಿಯ ದ್ರಾವಣ ಸುರಿದು ಕುಲುಕಿ ಹೊಳಪು ಕೊಡುವಳು, ಮಕ್ಕಳು ಬಣ್ಣ ಒಣಗಿದ ಮೇಲೆ ಮುಚ್ಚಳ ಸಿಕ್ಕಿಸಿ ಪೆಟ್ಟಿಗೆಗೆ ತುಂಬುವರು. 1880ರ ದಶಕದ ಹೊತ್ತಿಗೆ ಅವು ಸಮುದ್ರ ದಾಟಿ ಅಮೆರಿಕದ ಅಂಗಡಿಗಳಿಗೆ ಹೋದವು. ಅದೇ ದಶಕದಲ್ಲಿ, 1882ರಲ್ಲಿ, ಎಡಿಸನ್ನರ ಜೊತೆಗಾರ ಎಡ್ವರ್ಡ್ ಜಾನ್ಸನ್ ನ್ಯೂಯಾರ್ಕಿನ ತನ್ನ ಮನೆಯ ಮರಕ್ಕೆ ಕೆಂಪು, ಬಿಳಿ, ನೀಲಿಯ ಎಂಬತ್ತು ವಿದ್ಯುದ್ದೀಪಗಳನ್ನು ಸುತ್ತಿದ. ಗಾಜಿನ ಹೊಳಪೂ ದೀಪದ ಬೆಳಕೂ ಸೇರಿ ಮರ ಎಷ್ಟು ಚೆಂದವಾಯಿತೋ ಮಕ್ಕಳ ಕೈಯಿಂದ ಅಷ್ಟು ದೂರವಾಯಿತು. ತಿನ್ನುವಂತಿಲ್ಲದ ಆ ಹಣ್ಣುಗಳನ್ನು ಪೆಟ್ಟಿಗೆಗೆ ತುಂಬಿದ ಲೌಶಾದ ಮಕ್ಕಳ ಕೈಗಳನ್ನು ನೆನೆದರೆ ನನಗೆ ಮನಸ್ಸು ತುಂಬಿಬರುತ್ತದೆ.

ಗಾಜಿನ ಮೇಲೆ ನನಗೆ ಕೋಪವಿಲ್ಲ. ನನ್ನ ಅತ್ತೆಯವರು ಕೊಟ್ಟ ನಾಲ್ಕು ಗಾಜಿನ ಗುಂಡುಗಳು ನನ್ನಲ್ಲಿವೆ, ಪ್ರತಿವರ್ಷ ಅವನ್ನು ತೂಗುಹಾಕುತ್ತೇನೆ. ಆದರೆ ಅವುಗಳ ಜಾಗ ಮರದ ಮೇಲಿನ ಅರ್ಧದಲ್ಲಿ. ಕೆಳಗಿನ ಅರ್ಧ ಮಕ್ಕಳದು. ಮಗುವಿನ ಕೈಗೆಟಕುವ ಗೆಲ್ಲುಗಳಲ್ಲಿ ಮಗು ಮುಟ್ಟಬಾರದ ಒಂದು ವಸ್ತುವೂ ಇರಕೂಡದು ಎಂಬುದು ನಮ್ಮ ಮನೆಯ ನಿಯಮ, ಮತ್ತು ಆ ನಿಯಮ ಇರುವುದು ದೊಡ್ಡವರಿಗೆ.

ಇಲ್ಲಿ ನಮ್ಮ ಊರಿನ ಮಾತೂ ಬರಬೇಕು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆಯಲ್ಲಿ ದುಡಿದ ಅನೇಕರು ಜರ್ಮನಿಯ ವುರ್ಟೆಂಬರ್ಗ್ ಸೀಮೆಯವರು, ಮರ ನಿಲ್ಲಿಸುವ ಪದ್ಧತಿಯನ್ನು ಬಲ್ಲ ಸೀಮೆಯವರು. ಆದರೆ ಫರ್ ಮರ ಈ ಕರಾವಳಿಯಲ್ಲಿ ಬೆಳೆಯುವುದಿಲ್ಲ. ನನ್ನ ಬಾಲ್ಯದಲ್ಲಿ ನಮಗೆ ಕ್ರಿಸ್ಮಸ್ ಟ್ರೀ ಎಂದರೆ ಗಾಳಿಮರದ ಗೆಲ್ಲು. ಸರ್ವೆಮರವೆಂದೂ ಕರೆಯುವ ಈ ಮರವೂ ಈ ನೆಲದ್ದಲ್ಲ. 1868ರ ಸುಮಾರಿಗೆ ಕಾರವಾರದ ಕಡಲತೀರದಲ್ಲಿ ನೆಟ್ಟು ಬೆಳೆಸಿದ ಮೇಲೆ ಅದು ನಮ್ಮ ಹೊಯಿಗೆ (ಮರಳು) ದಡಗಳಿಗೆಲ್ಲ ಹಬ್ಬಿತು. ಅಪ್ಪ ಎರಡಾಳುದ್ದದ ಒಂದು ಗೆಲ್ಲು ತಂದು, ತುದಿ ಕಡಿದು, ಸೀಮೆಎಣ್ಣೆಯ ಹಳೆಯ ಡಬ್ಬಕ್ಕೆ ಒದ್ದೆ ಹೊಯಿಗೆ ತುಂಬಿ ನೆಡುತ್ತಿದ್ದರು. ಗಾಳಿಮರದ ಗೆಲ್ಲು ಬಲವಾದ ಭಾರ ತಾಳುವುದಿಲ್ಲ, ಬಾಗಿಬಿಡುತ್ತದೆ. ಆದ್ದರಿಂದ ನಮ್ಮ ಅಲಂಕಾರಗಳೆಲ್ಲ ಹಗುರವಾದವೇ: ಹತ್ತಿಯ ಉಂಡೆ, ಬಣ್ಣದ ಕಾಗದ ಸುತ್ತಿದ ಖಾಲಿ ಬೆಂಕಿಪೊಟ್ಟಣ, ಚಹಾ ಪೊಟ್ಟಣದ ಬೆಳ್ಳಿಕಾಗದದ ನಕ್ಷತ್ರ, ಗಂಜಿಯ ಅಂಟಿನಲ್ಲಿ ಅಂಟಿಸಿದ ಕಾಗದದ ಸರಪಳಿ.

ಆ ಮರದಲ್ಲಿ ಒಂದು ಆಟವೂ ಅಡಗಿತ್ತು. ಗಾಳಿಮರದ ಎಲೆಯೆಂದು ನಾವು ಕರೆಯುವ ಹಸಿರು ಎಳೆ ನಿಜವಾಗಿ ಗಿಣ್ಣುಗಿಣ್ಣಾದ ಕಡ್ಡಿ. ಅದನ್ನು ಒಂದು ಗಿಣ್ಣಿನಲ್ಲಿ ಮೆಲ್ಲಗೆ ಎಳೆದರೆ ಸದ್ದಿಲ್ಲದೆ ಬಿಟ್ಟುಕೊಳ್ಳುತ್ತದೆ, ಮತ್ತೆ ಅದೇ ಜಾಗಕ್ಕೆ ಒತ್ತಿದರೆ ಕೂಡಿಕೊಂಡು ನಿಲ್ಲುತ್ತದೆ. ಎಲ್ಲಿ ಬಿಡಿಸಿದ್ದೇನೆ ಹೇಳು ಎಂದು ಅಣ್ಣ ನನ್ನ ಮುಂದೆ ಹಿಡಿಯುತ್ತಿದ್ದ; ನಾನು ಕಣ್ಣಿಗೆ ತಾಗುವಷ್ಟು ಹತ್ತಿರ ತಂದು ಹುಡುಕುತ್ತಿದ್ದೆ. ಪ್ರತಿ ಗಿಣ್ಣಿನಲ್ಲೂ ಕಂದುಬಣ್ಣದ ಪುಟ್ಟ ಹಲ್ಲುಗಳ ಸಾಲು ಕಾಣುತ್ತಿತ್ತು. ಆ ಹಲ್ಲುಗಳೇ ಅದರ ನಿಜವಾದ ಎಲೆಗಳೆಂದು ನಾನು ತಿಳಿದದ್ದು ಹೈಸ್ಕೂಲಿಗೆ ಬಂದಮೇಲೆ. ಮನೆಯಲ್ಲಿ ಯಾರೂ ಮರವನ್ನು ಮುಟ್ಟಬೇಡ ಎಂದಿದ್ದರೆ ಆ ಆಟ ನನಗೆ ಸಿಗುತ್ತಿರಲಿಲ್ಲ. ಇಂದು ಪ್ಲಾಸ್ಟಿಕ್ಕಿನ ಮರ ಇಡುವವರಿಗೂ ನನ್ನದೊಂದು ಸಲಹೆ: ಒಂದು ಗಾಳಿಮರದ ಗೆಲ್ಲನ್ನೋ ಕ್ರಿಸ್ಮಸ್ ಗಿಡವೆಂದು ನರ್ಸರಿಗಳಲ್ಲಿ ಸಿಗುವ ಅರೊಕೇರಿಯಾದ ಕುಂಡವನ್ನೋ ಅದರ ಪಕ್ಕದಲ್ಲಿಡಿ, ಮಗುವಿನ ಬೆರಳಿಗೆ ಜೀವವಿರುವ ಮರವೊಂದು ಸಿಗಲಿ.

ಇನ್ನು ಕಾಯುವುದರ ವಿಷಯ. ಚಿಕ್ಕ ಮಕ್ಕಳಿಗೆ ದಿನದ ಲೆಕ್ಕ ತಿಳಿಯುವುದಿಲ್ಲ; "ಇನ್ನೆಷ್ಟು ದಿನ?" ಎಂಬ ಪ್ರಶ್ನೆ ಬೆಳಗಿನಿಂದ ರಾತ್ರಿಯವರೆಗೆ ನಡೆಯುತ್ತದೆ. ಹ್ಯಾಂಬರ್ಗ್ ನಗರದಲ್ಲಿ ಬಡಮಕ್ಕಳ ಆಶ್ರಯಮನೆ ನಡೆಸುತ್ತಿದ್ದ ಯೋಹಾನ್ ಹಿನ್ರಿಕ್ ವಿಕೆರ್ನ್ ಎಂಬ ಪಾದ್ರಿ ಈ ಪ್ರಶ್ನೆಗೆ ಉತ್ತರವಾಗಿ 1839ರಲ್ಲಿ ಒಂದು ಗಾಡಿಚಕ್ರವನ್ನು ತೂಗುಹಾಕಿ ಅದರ ಮೇಲೆ ವಾರದ ದಿನಗಳಿಗೆ ಸಣ್ಣ ಕೆಂಪು ಬತ್ತಿಗಳನ್ನೂ ನಾಲ್ಕು ಭಾನುವಾರಗಳಿಗೆ ದೊಡ್ಡ ಬಿಳಿ ಬತ್ತಿಗಳನ್ನೂ ನಿಲ್ಲಿಸಿ, ದಿನಕ್ಕೊಂದರಂತೆ ಹಚ್ಚಿಸಿದರು. ನಮ್ಮ ಅಡ್ವೆಂಟ್ ಮಾಲೆ ಬೆಳೆದುಬಂದದ್ದು ಆ ಚಕ್ರದಿಂದ. ವುರ್ಟೆಂಬರ್ಗಿನ ಮೌಲ್‌ಬ್ರೊನ್ನಿನಲ್ಲಿ ಗೆರ್ಹಾರ್ಡ್ ಲಾಂಗ್ ಎಂಬ ಹುಡುಗನಿಗೆ ಅವನ ತಾಯಿ ರಟ್ಟಿನ ಮೇಲೆ ಇಪ್ಪತ್ನಾಲ್ಕು ಬಿಸ್ಕತ್ತುಗಳನ್ನು ಹೊಲಿದು ದಿನಕ್ಕೊಂದು ಕೀಳಲು ಬಿಡುತ್ತಿದ್ದಳು. ಅವನೇ ಮುಂದೆ ಮ್ಯೂನಿಕ್ಕಿನಲ್ಲಿ ಮುದ್ರಕನಾಗಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಡ್ವೆಂಟ್ ಕ್ಯಾಲೆಂಡರುಗಳನ್ನು ಅಚ್ಚು ಹಾಕಿದ. ಇಲ್ಲಿಯೂ ಅದೇ ಸಂಗತಿ: ಮಗು ಕಾಯಲು ಕಲಿತದ್ದು ಕಿತ್ತು ತಿನ್ನುತ್ತಾ.

ನಮ್ಮ ನೆರೆಯ ಕಥೋಲಿಕ್ ಮನೆಗಳಲ್ಲಿ ಗೋದಲಿಗೆಂದು, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಗೆಂದು, ಹಬ್ಬಕ್ಕೆ ಹತ್ತು ಹನ್ನೆರಡು ದಿನ ಮುಂಚೆ ತಟ್ಟೆಗಳಲ್ಲಿ ರಾಗಿಯನ್ನೋ ಗೋಧಿಯನ್ನೋ ಬಿತ್ತಿ ಹಸಿರು ಬೆಳೆಸುತ್ತಾರೆ. ಚಿಕ್ಕ ಮಗುವಿಗೆ ದಿನ ಎಣಿಸಲು ಇದಕ್ಕಿಂತ ಒಳ್ಳೆಯ ಕ್ಯಾಲೆಂಡರನ್ನು ನಾನು ಕಂಡಿಲ್ಲ. ನಾನು ಪ್ರೊಟೆಸ್ಟಂಟ್ ಮನೆಯವಳಾದರೂ ನನ್ನ ಮಕ್ಕಳಿಗೆ ಪ್ರತಿವರ್ಷ ಒಂದು ತಟ್ಟೆ ರಾಗಿ ಬಿತ್ತಿಸುತ್ತಿದ್ದೆ; ಮೊಳಕೆ ಅವರ ಬೆರಳಿನಷ್ಟು ಎತ್ತರವಾದಾಗ ಅದನ್ನು ಮರದ ಬುಡದಲ್ಲಿಡುವುದು, ಅಂದರೆ ಕ್ರಿಸ್ಮಸ್ ಬಂತೆಂದು ಅರ್ಥ.

ಈಗ ಆ ತಾಯಿಯ ಮನೆಗೆ ಬರೋಣ. ಒಂದೂವರೆ ವರ್ಷದವನಿಗೆ ತೂಗುಹಾಕುವುದು ತಿಳಿಯದು. ಅವನ ಆನಂದ ತುಂಬುವುದರಲ್ಲಿ ಮತ್ತು ಬರಿದು ಮಾಡುವುದರಲ್ಲಿದೆ. ಮರದ ಬುಡದಲ್ಲಿ ಒಂದು ಬುಟ್ಟಿಯಿಟ್ಟು ಅದರಲ್ಲಿ ಬಟ್ಟೆಯ ಉಂಡೆ, ಉಲ್ಲನ್ನಿನ ಗೊಂಡೆ, ಅವನ ಮುಷ್ಟಿಗಿಂತ ದೊಡ್ಡ ಮರದ ಆಟಿಕೆಗಳನ್ನು ಹಾಕಿ. ಅವನು ದಿನಕ್ಕೆ ಇಪ್ಪತ್ತು ಸಲ ಸುರಿಯಲಿ. ಮೂರು ವರ್ಷದವಳ ಬೆರಳಿಗೆ ತಂತಿಯ ಕೊಕ್ಕೆ ಕಷ್ಟ. ಅವಳ ಅಲಂಕಾರಗಳಿಗೆ ದಪ್ಪ ನೂಲಿನ ದೊಡ್ಡ ಕುಣಿಕೆ ಹಾಕಿಕೊಡಿ, ಇಲ್ಲವೇ ಬಟ್ಟೆ ಒಣಹಾಕುವ ಕ್ಲಿಪ್ಪು ಕೊಡಿ. ಐದು ಆರು ವರ್ಷದವರಿಗೆ ಕಾಗದ ಮಡಚುವ ಕೆಲಸ ಹಿಡಿಸುತ್ತದೆ. ನಾಲ್ಕು ಕಾಗದದ ಪಟ್ಟಿಗಳನ್ನು ಹೆಣೆದು ಮಾಡುವ ಒಂದು ನಕ್ಷತ್ರಕ್ಕೆ ಜರ್ಮನಿಯಲ್ಲಿ ಫ್ರೋಬೆಲ್ ನಕ್ಷತ್ರವೆಂದೇ ಹೆಸರು. ಲೌಶಾ ಇರುವ ತುರಿಂಗಿಯಾದಲ್ಲಿಯೇ, 1837ರಲ್ಲಿ, ಮುಂದೆ ಕಿಂಡರ್‌ಗಾರ್ಟನ್ ಎಂದು ಹೆಸರಾದ ಶಾಲೆಯನ್ನು ತೆರೆದ ಫ್ರೀಡ್ರಿಕ್ ಫ್ರೋಬೆಲ್ ಅವರ ಹೆಸರು ಅದು. ತೆಂಗಿನ ಗರಿಯಲ್ಲಿ ಗಿರಗಿಟ್ಲೆ ಹೆಣೆಯಬಲ್ಲ ಅಜ್ಜಂದಿರಿಗೆ ಆ ಹೆಣಿಗೆ ಹೊಸತೆನಿಸುವುದಿಲ್ಲ, ಮೊಮ್ಮಕ್ಕಳ ಜೊತೆ ಅವರನ್ನು ಕೂರಿಸಿ.

ಅಪಾಯಗಳ ಮಾತನ್ನು ಬೇಗ ಹೇಳಿಬಿಡುತ್ತೇನೆ, ಆದರೆ ದಯವಿಟ್ಟು ಹಗುರವಾಗಿ ಕೇಳಬೇಡಿ. ಮರದ ಕಾಂಡವನ್ನು ಕಿಟಕಿಯ ಸರಳಿಗೆ ಕಟ್ಟಿ. ಮೂರು ವರ್ಷದೊಳಗಿನ ಮಕ್ಕಳಿರುವಲ್ಲಿ ಗಂಟಲಿಗೆ ಸಿಕ್ಕುವಷ್ಟು ಸಣ್ಣದಾದ ಯಾವುದೂ ಕೆಳಗೆ ಬೇಡ. ಹತ್ತಿ, ಕಾಗದ, ಒಣಗುತ್ತಿರುವ ಗೆಲ್ಲು ಇರುವ ಕಡೆ ಉರಿಯುವ ಬತ್ತಿ ಬೇಡವೇ ಬೇಡ. ಎಲ್ಲಕ್ಕಿಂತ ಹೆಚ್ಚಾಗಿ, ಮಿನುಗುವ ಪುಟ್ಟ ದೀಪಗಳಲ್ಲೂ ಹಾಡುವ ಆಟಿಕೆಗಳಲ್ಲೂ ಇರುವ ಬಟನ್ ಸೆಲ್ಲನ್ನು (ಗುಂಡಿಯಂಥ ಪುಟ್ಟ ಬ್ಯಾಟರಿಯನ್ನು) ಮಗು ನುಂಗಿದರೆ ಎರಡು ಗಂಟೆಯೊಳಗೇ ಅದು ಅನ್ನನಾಳವನ್ನು ಸುಡಬಲ್ಲದು; ಅಂಥ ಅನುಮಾನ ಬಂದರೆ ಕಾಯದೆ ಆಸ್ಪತ್ರೆಗೆ ಓಡಬೇಕು.

ಎರಡು ವರ್ಷದ ಹಿಂದೆ ನಾನು ಮಾಡಿದ ಒಂದು ತಪ್ಪನ್ನೂ ನಿಮಗೆ ಹೇಳಬೇಕು. ಆಗ ಮೂರು ವರ್ಷದವಳಾಗಿದ್ದ ಮೊಮ್ಮಗಳು ತನ್ನ ಏಳು ಕಾಗದದ ನಕ್ಷತ್ರಗಳನ್ನೂ ಒಂದೇ ಗೆಲ್ಲಿಗೆ ಸಿಕ್ಕಿಸಿದಳು. ಗೆಲ್ಲು ಬಾಗಿ ನೆಲ ಮುಟ್ಟುತ್ತಿತ್ತು, ಉಳಿದ ಕಡೆ ಬರೀ ಹಸಿರು. ಅವಳು ಮಲಗಿದ ಮೇಲೆ ನಾನು ಆರನ್ನು ತೆಗೆದು ಸುತ್ತಲೂ ಸಮನಾಗಿ ಹಂಚಿ ತೂಗುಹಾಕಿದೆ. ಬೆಳಿಗ್ಗೆ ಎದ್ದು ಬಂದವಳು ಅಳಲಿಲ್ಲ, ನನ್ನನ್ನು ಕೇಳಲೂ ಇಲ್ಲ. ಮರದ ಮುಂದೆ ಸ್ವಲ್ಪ ಹೊತ್ತು ನಿಂತು, ಒಂದೊಂದನ್ನೇ ಹುಡುಕಿ ತೆಗೆದು ಏಳನ್ನೂ ಮತ್ತೆ ಅದೇ ಗೆಲ್ಲಿಗೆ ತಂದಳು. ಆಮೇಲೆ ನನ್ನ ಕಡೆ ತಿರುಗಿ, "ಅಜ್ಜೀ, ಇವೆಲ್ಲ ಒಂದೇ ಮನೆಯವು" ಎಂದಳು. ಅಂದಿನಿಂದ ಮಕ್ಕಳು ಕಟ್ಟಿದ್ದನ್ನು ನಾನು ಸರಿಪಡಿಸಲು ಹೋಗಿಲ್ಲ. ರಾತ್ರಿ ಮಕ್ಕಳು ಮಲಗಿದ ಮೇಲೆ ಮರವನ್ನು ಚೆಂದ ಮಾಡುವ ಆಸೆ ನಿಮ್ಮಲ್ಲಿ ಅನೇಕರಿಗಿರುತ್ತದೆ, ನೆಂಟರು ಬರುತ್ತಾರೆ, ಫೋಟೋ ತೆಗೆಯುತ್ತಾರೆ ಎಂಬ ಯೋಚನೆಯೂ ಇರುತ್ತದೆ. ಆ ಆಸೆಯನ್ನು ಮೇಲಿನ ಅರ್ಧಕ್ಕೆ ಮೀಸಲಿಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಬಿಚ್ಚುವ ದಿನಕ್ಕೆ ನಾವು ಜನವರಿ 6ನ್ನು, ಶಿಶು ಯೇಸುವನ್ನು ನೋಡಲು ಬಂದ ಜ್ಞಾನಿಗಳ ಹಬ್ಬವನ್ನು, ಇಟ್ಟುಕೊಂಡಿದ್ದೇವೆ. ಸ್ವೀಡನ್ನಿನ ಸೂರೆಯನ್ನು ನಮ್ಮ ಅಡುಗೆಮನೆಗೆ ಒಗ್ಗಿಸಿಕೊಂಡೆವು. ಕುಸ್ವಾರಿನ, ಅಂದರೆ ಕ್ರಿಸ್ಮಸ್ ತಿಂಡಿಗಳ, ಡಬ್ಬದಲ್ಲಿ ಉಳಿದ ರೋಸ್ ಕುಕ್ಕೀಸಿಗೆ ದಳದಳದ ನಡುವೆ ತೂತುಗಳಿರುತ್ತವೆ, ನೂಲು ಪೋಣಿಸಿ ತೂಗುಹಾಕಲು ಹೇಳಿ ಮಾಡಿಸಿದಂತೆ. ನೆವ್ರಿಯನ್ನು (ಕರ್ಜಿಕಾಯಿಯನ್ನು) ಕಾಗದದಲ್ಲಿ ಸುತ್ತಿ ದಾರ ಕಟ್ಟುತ್ತೇವೆ. ಮೊದಲೇ ಕಟ್ಟಿದರೆ ಇರುವೆ ಮುತ್ತುವುದರಿಂದ ಅಂದು ಬೆಳಿಗ್ಗೆಯೇ ಕಟ್ಟಿ, ಸಂಜೆ ಅಕ್ಕಪಕ್ಕದ ಎಲ್ಲ ಮನೆಗಳ ಮಕ್ಕಳನ್ನು ಕರೆಯುತ್ತೇವೆ. ಅವರು ಯಾವ ಜಾತಿ, ಯಾವ ಮತ ಎಂಬ ಲೆಕ್ಕ ಅಲ್ಲಿಲ್ಲ. ಎತ್ತರದ ಲೆಕ್ಕ ಮಾತ್ರ ಇದೆ, ಚಿಕ್ಕವರು ಕೆಳಗಿನ ಗೆಲ್ಲುಗಳಿಂದ, ದೊಡ್ಡವರು ಮೇಲಿನವುಗಳಿಂದ. ಸ್ಟ್ರಾಸ್‌ಬರ್ಗಿನ ಮರದಲ್ಲಿದ್ದ ಕಾಗದದ ಗುಲಾಬಿಗಳನ್ನು ನೆನೆದು ನಮ್ಮ ಈ ಅಕ್ಕಿಹಿಟ್ಟಿನ ಗುಲಾಬಿಗಳನ್ನು ನೋಡುವಾಗ ನನಗಾಗುವ ಸಂತೋಷವನ್ನು ಹೇಳಲಾರೆ.

ತಿನಿಸೆಲ್ಲ ಮುಗಿದ ಮೇಲೆ ಕಾಗದದ ಅಲಂಕಾರಗಳನ್ನು ಬೂಟಿನ ಒಂದು ಹಳೆಯ ಪೆಟ್ಟಿಗೆಗೆ ತುಂಬುತ್ತೇವೆ. ಪ್ರತಿಯೊಂದರ ಬೆನ್ನಿಗೂ ಮಾಡಿದವರ ಹೆಸರು, ವರ್ಷ ಬರೆದಿರುತ್ತದೆ. ನೆರೆಮನೆಯ ಮಗು ಮಾಡಿಕೊಟ್ಟಿದ್ದರೆ ಅದರ ಹೆಸರೂ ಇರುತ್ತದೆ. 1986ರಲ್ಲಿ ನನ್ನ ಮಗ ಅಂಟಿಸಿದ ಬೆಂಕಿಪೊಟ್ಟಣವೂ ಅದರಲ್ಲಿದೆ, ಬಣ್ಣ ಪೂರ್ತಿ ಹೋಗಿದೆ. ಇಷ್ಟು ವರ್ಷ ಬರೆಯುವ ಕೆಲಸ ನನ್ನದಾಗಿತ್ತು. ಮೊಮ್ಮಗಳು ಈ ಸಲ ಪೆನ್ಸಿಲ್ಲನ್ನು ನನ್ನ ಕೈಯಿಂದ ತೆಗೆದುಕೊಳ್ಳುವುದಾಗಿ ಈಗಲೇ ಹೇಳಿಟ್ಟಿದ್ದಾಳೆ. ಅವಳಿಗೆ ತನ್ನ ಹೆಸರಿನ ಎರಡು ಅಕ್ಷರ ಬರೆಯಲು ಬರುತ್ತದೆ, ಮೂರನೆಯದನ್ನು ಡಿಸೆಂಬರ್ ಮುಗಿಯುವುದರೊಳಗೆ ಕಲಿಯುತ್ತಾಳಂತೆ.